ಹೃದಯದ ಪಾಲಿನ ರಕ್ತ

(ಸಿರಿಗೆರೆಯಲ್ಲಿ ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿ, ಓದಿದುದನ್ನೇ ಓದಿಸುತ್ತ ಐವತ್ತು ದಾಟಿದ ನನ್ನಂಥವನು ಇಂಥ ಸಭೆಯಲ್ಲಿ ಶಾಸ್ತ್ರವಿಷಯವನ್ನು ಹೇಳುವುದು ರೂಢಿ. ಈ ಸಲ ಅಪ್ಪಣೆಯನ್ನು ಬೇಡಿಕೊಂಡು ಹೃದ್ರೋಗವನ್ನು ಕುರಿತು ಮಾತನಾಡಲು ನಿಂತಿದ್ದೇನೆ. ವೈದ್ಯನಲ್ಲದವನಿಗೆ ಈ ಸಾಹಸವೇಕೆ ಎಂದು ತಾವು ಕೇಳಬಹುದು. ಕಾರಣಗಳು ಎರಡು: ಒಂದು ನನ್ನ ಅಣ್ಣನವರ ಮರಣ, ಇನ್ನೊಂದು ನನ್ನ ಎದೆಯೊಳಗಿನ ನೋವು. “ತರಳಾ, ಬಾಳು” ಎಂಬ ಹರಕೆಯೇ ಹೆಸರಾಗಿರುವ ಈ ಸನ್ನಿಧಿಯಲ್ಲಿ ಬಾಳಿನ ಅಳತೆಯ ವಿಷಯವನ್ನು ಎತ್ತುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ನಮ್ಮ ಅಣ್ಣನವರು ಹೊಳಲ್ಕೆರೆಯ ಕಡೆ ಅಡಿಕೆಯ ತೋಟವನ್ನು ಮಾಡಿಕೊಂಡಿದ್ದವರು. ಅರುವತ್ತರ ಹತ್ತಿರ ಬಂದಾಗ, ಊಟವಾದ ಮೇಲೆ ತೋಟದಿಂದ ಮನೆಗೆ ಏರುದಾರಿಯಲ್ಲಿ ಬರುತ್ತಿರುವಾಗ ಎದೆಯ ನಡುವೆ ಒತ್ತಿ ಹಿಡಿದಂತಾಗುವುದು, ನಿಂತರೆ ಬಿಡುವುದು, ಹೀಗೆ ಆಗತೊಡಗಿತು. ಕೊರಳಿನ ಕರಡಿಗೆ ತೂಗುವ ಸ್ಥಳಕ್ಕೆ ಅಂಗೈಯನ್ನು ಒತ್ತಿಕೊಂಡು ಬೇಲಿಯ ಬಳಿ ಎರಡು ನಿಮಿಷ ನಿಲ್ಲುತ್ತಿದ್ದರು. “ವಾಯುವಿನ ಉಪದ್ರವ, ಅಷ್ಟೆ” ಎನ್ನುತ್ತಿದ್ದರು. ಆಶ್ಚರ್ಯವೆಂದರೆ, ಇದೇ ಲಕ್ಷಣವನ್ನು, ಅಂದರೆ ಊಟದ ಮೇಲೆ ಏರುದಾರಿಯಲ್ಲಿ ನಡೆವಾಗ ಬರುವ ಮತ್ತು ನಿಂತೊಡನೆ ಹೋಗುವ ಎದೆಯ ಬಿಗಿತವನ್ನು, ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ ಎಂಬ ವೈದ್ಯನು 1768ರಲ್ಲಿ ಅಲ್ಲಿಯ ವೈದ್ಯಸಭೆಯ ಮುಂದೆ ಹೇಳಿದ್ದನು. ಮನುಷ್ಯನ ಎದೆಗೆ ದೇಶಭೇದವಿಲ್ಲ. ಕೊನೆಗೆ ಮನೆಯವರ ಒತ್ತಾಯದಿಂದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಆಂಜಿಯೋಗ್ರಾಂ ಮಾಡಿಸಲಾಯಿತು, ಒಂದು ರಕ್ತನಾಳವು ಬಹಳ ಮಟ್ಟಿಗೆ ಕಿರಿದಾಗಿರುವುದು ಕಂಡುಬಂದಿತು, ಸ್ಟೆಂಟ್ ಹಾಕಿದರು. ನೋವು ನಿಂತಿತು. ಅಣ್ಣನವರಿಗೆ ಪರಮಸಂತೋಷ. “ಕಾಲುವೆಯ ಹೂಳು ತೆಗೆದಾಯಿತು ತಮ್ಮಾ, ಇನ್ನೇನು” ಎಂದು ಬಂದವರಿಗೆಲ್ಲ ಹೇಳಿದರು. ವರ್ಷ ತುಂಬುವುದರೊಳಗೆ ಮಾತ್ರೆಗಳು ನಿಂತವು. ಎಲೆಯಡಿಕೆಯ ಜೊತೆಗೆ ಕಡ್ಡಿಪುಡಿಯು ಮರಳಿ ಬಂದಿತು. ಸಕ್ಕರೆಯ ಪರೀಕ್ಷೆಯನ್ನು ಕೇಳುವವರೇ ಇಲ್ಲ. ನಾಲ್ಕು ವರ್ಷಗಳ ಬಳಿಕ ಒಂದು ಬೆಳಗಿನ ಜಾವ ಅವರು ಏಳಲಿಲ್ಲ.

ಹೂಳು ತೆಗೆದ ಮೇಲೆಯೂ ನೀರು ಏಕೆ ತಲುಪಲಿಲ್ಲ? ಈ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ಉತ್ತರವನ್ನು ಹುಡುಕುತ್ತ ನಾನು ಗ್ರಹಿಸಿದುದನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಹೃದಯದ ವಿಷಯ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ “ಅರ್ಥೇದಶಮಹಾಮೂಲೀಯ” ಎಂಬ ಅಧ್ಯಾಯವೇ ಇದ್ದು, ಹೃದಯವು ಹತ್ತು ಮಹಾನಾಳಗಳಿಗೆ ಮೂಲವೆಂದೂ ಓಜಸ್ಸಿನ ನೆಲೆಯೆಂದೂ ಅಲ್ಲಿ ಹೇಳಲಾಗಿದೆ. ಹೃದ್ರೋಗವು ಐದು ವಿಧವೆಂದು ಆಯುರ್ವೇದವು ಎಣಿಸಿದೆ; ಸುಶ್ರುತದಲ್ಲಿ ಹೃಚ್ಛೂಲದ ಪ್ರಸ್ತಾಪವೂ ಇದೆ. ಆದರೆ ಈಗಿನ ವೈದ್ಯರು ಕಂಡುಹಿಡಿದುದೆಲ್ಲವೂ ನಮ್ಮ ಹಿರಿಯರ ಗ್ರಂಥಗಳಲ್ಲಿ ಆಗಲೇ ಇದ್ದಿತೆಂದು ಸಾಧಿಸುವ ವಾದವು ನನಗೆ ರುಚಿಸುವುದಿಲ್ಲ. ಅವರು ಕಂಡುದನ್ನು ಅವರು ಹೇಳಿದರು. ಇವರು ಕಂಡುದನ್ನು ಇವರಿಂದಲೇ ಕೇಳಬೇಕು.

ಹೃದಯದ ಕೋಣೆಗಳಲ್ಲಿ ರಕ್ತವು ಸದಾ ತುಂಬಿರುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ಮಿಡಿದು ಆ ರಕ್ತವನ್ನು ದೇಹಕ್ಕೆಲ್ಲ ಹಂಚುತ್ತದೆ. ಆದರೆ ಕೈಯಲ್ಲಿ ಹಿಡಿದ ದಾಸೋಹದ ಅನ್ನವನ್ನು ಬಡಿಸುವವನು ಹಾಗೆಯೇ ಬಾಯಿಗೆ ಹಾಕಿಕೊಳ್ಳಲಾರನಷ್ಟೆ. ಅವನೂ ಪಂಕ್ತಿಯಲ್ಲಿ ಕುಳಿತೇ ಉಣ್ಣಬೇಕು. ಅದರಂತೆ ಹೃದಯದ ಮಾಂಸವು ತನ್ನ ಕೋಣೆಯಲ್ಲಿರುವ ರಕ್ತದಿಂದ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಮಹಾಧಮನಿಯ ಬುಡದಲ್ಲಿ ಹುಟ್ಟಿ ಹೃದಯದ ಹೊರಮೈಯನ್ನು ಬಳಸಿ ಇಳಿಯುವ ಎರಡು ನಾಳಗಳಿಂದಲೇ ಅದಕ್ಕೆ ಅದರ ಪಾಲು ಬರಬೇಕು. ಸುತ್ತಿಕೊಂಡಿರುವ ಬಗೆಯನ್ನು ನೋಡಿ ಇವಕ್ಕೆ ಕಿರೀಟ ಧಮನಿಗಳೆಂದು ಹೆಸರಿಟ್ಟಿದ್ದಾರೆ. ತೂಕದಲ್ಲಿ ಹೃದಯವು ದೇಹದ ಇನ್ನೂರರಲ್ಲಿ ಒಂದು ಪಾಲು. ವಿಶ್ರಾಂತಿಯಲ್ಲಿರುವಾಗಲೂ ಅದು ಪಡೆಯುವ ರಕ್ತವಾದರೋ ಇಪ್ಪತ್ತರಲ್ಲಿ ಒಂದು ಪಾಲು, ನಿಮಿಷಕ್ಕೆ ಸುಮಾರು ಕಾಲು ಲೀಟರು. ಅಲ್ಲದೆ ಹೃದಯದ ಎಡಭಾಗವು ಕುಗ್ಗಿ ದುಡಿಯುವಾಗ ತನ್ನ ನಾಳಗಳನ್ನು ತಾನೇ ಹಿಂಡಿಕೊಳ್ಳುವುದರಿಂದ, ಎರಡು ಮಿಡಿತಗಳ ನಡುವಣ ಬಿಡುವಿನಲ್ಲಿಯೇ ಅದಕ್ಕೆ ಹೆಚ್ಚಿನ ರಕ್ತವು ದೊರೆಯುತ್ತದೆ. ಮಿಡಿತದ ವೇಗವು ಏರಿದಷ್ಟೂ ಬಿಡುವು ಕಡಿಮೆ, ಹಸಿವು ಹೆಚ್ಚು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ದೇಹದ ಇತರ ಅಂಗಗಳು ತಮಗೆ ಬಂದ ರಕ್ತದ ಪ್ರಾಣವಾಯುವಿನಲ್ಲಿ ಸ್ವಲ್ಪವನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಬಿಡುತ್ತವೆ. ದುಡಿಮೆ ಹೆಚ್ಚಾದಾಗ ಅದೇ ರಕ್ತದಿಂದ ಇನ್ನಷ್ಟನ್ನು ಹೀರುತ್ತವೆ. ಹೃದಯಕ್ಕೆ ಈ ಅನುಕೂಲವಿಲ್ಲ. ಸುಮ್ಮನೆ ಕುಳಿತಿರುವಾಗಲೇ ಅದು ನೂರರಲ್ಲಿ ಸುಮಾರು ಎಪ್ಪತ್ತು ಪಾಲನ್ನು ತೆಗೆದುಕೊಂಡಿರುತ್ತದೆ. ಆದುದರಿಂದ ಏರು ಹತ್ತುವಾಗ ಅದಕ್ಕೆ ಉಳಿದಿರುವ ಮಾರ್ಗವು ಒಂದೇ: ರಕ್ತದ ಹರಿವನ್ನೇ ಹೆಚ್ಚಿಸಿಕೊಳ್ಳುವುದು. ಆರೋಗ್ಯವಂತನಲ್ಲಿ ಈ ಹರಿವು ಮೂರು ನಾಲ್ಕು ಪಟ್ಟು ಏರಬಲ್ಲುದು. ಹೀಗೆ ಏರುವ ಶಕ್ತಿಯನ್ನು ನಾವು ಹರಿವಿನ ಮೀಸಲು ಎಂದು ಕರೆಯೋಣ. ಇಂದಿನ ನನ್ನ ಮಾತೆಲ್ಲ ಈ ಮೀಸಲನ್ನು ಕುರಿತುದು.

ನಮ್ಮ ಸೀಮೆಯವರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ನೀರಿನ ಬೆಲೆಯನ್ನು ಚಿತ್ರದುರ್ಗದ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ವರೆಗೆ ಕಟ್ಟಿದ ವಾಣೀವಿಲಾಸಸಾಗರವು 1933ರಲ್ಲಿ ಕೋಡಿ ಬಿದ್ದಿತ್ತು; ಆಮೇಲೆ 2022ರಲ್ಲಿ ಮತ್ತೆ ಕೋಡಿ ಹರಿಯಿತು. ಜನರು ಬಂಡಿ ಕಟ್ಟಿಕೊಂಡು ಹೋದಂತೆ ಹೋಗಿ ನೋಡಿ ಬಂದರು, ನಾನೂ ಹೋಗಿದ್ದೆ. ಆದರೆ ಸಾಗರವು ತುಂಬಿದ ಮಾತ್ರಕ್ಕೆ ನಾಲೆಯ ಕಟ್ಟಕಡೆಯ ಹೊಲದ ಪೈರು ನೆನೆಯುವುದೇ? ತೂಬು ನೆಟ್ಟಗಿರಬೇಕು, ನಾಲೆಯಲ್ಲಿ ಹೂಳಿರಬಾರದು, ಹೊಲಗಾಲುವೆಗಳು ಒಡೆದಿರಬಾರದು. ಬೇಡಿಕೆಯು ಕಡಿಮೆಯಿರುವ ತಿಂಗಳಿನಲ್ಲಿ ಅರ್ಧ ಹೂಳಿರುವ ನಾಲೆಯೂ ಸಾಕೆನಿಸುತ್ತದೆ. ಎಲ್ಲರಿಗೂ ಒಟ್ಟಿಗೆ ನೀರು ಬೇಕಾದಾಗಲೇ ಅದರ ಕೊರತೆಯು ಬಯಲಾಗುವುದು. ಅಮೆರಿಕೆಯ ಲಾನ್ಸ್ ಗೌಲ್ಡ್ ಎಂಬ ವೈದ್ಯನೂ ಅವನ ಸಂಗಡಿಗರೂ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೃದಯದ ನಾಳಗಳೂ ಹೀಗೆಯೇ ವರ್ತಿಸುವುದು ಕಂಡುಬಂದಿತು. ನಾಯಿಯ ಧಮನಿಯ ವ್ಯಾಸವನ್ನು ನೂರಕ್ಕೆ ಎಂಬತ್ತೈದರಷ್ಟು ಕಿರಿದುಗೊಳಿಸುವ ತನಕ ವಿಶ್ರಾಂತಿಯ ಹರಿವು ಕುಗ್ಗಲಿಲ್ಲ. ಆದರೆ ಹರಿವಿನ ಮೀಸಲು ಅರ್ಧದಷ್ಟು ಕಿರಿದಾಗುವ ಮೊದಲೇ ಕುಗ್ಗಲಾರಂಭಿಸಿತ್ತು. ಆದುದರಿಂದಲೇ ಎಷ್ಟೋ ರೋಗಿಗಳು ಕುಳಿತಲ್ಲಿ ಸುಖವಾಗಿರುತ್ತಾರೆ. ಮಲಗಿಸಿ ತೆಗೆದ ಇ.ಸಿ.ಜಿ.ಯೂ ನಿರ್ದೋಷವಾಗಿರುತ್ತದೆ. ಏರುದಾರಿಯು ಮಾತ್ರ ನಿಜವನ್ನು ಹೇಳುತ್ತದೆ.

ಇನ್ನು ನನ್ನ ಕಥೆ. ಅಣ್ಣನವರು ತೀರಿಕೊಂಡ ಮೂರನೆಯ ವರ್ಷ ಪಾಠಶಾಲೆಯ ಹುಡುಗರನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಏಕನಾಥೇಶ್ವರಿಯ ಗುಡಿಯ ಕಡೆಗೆ ಏರುತ್ತಿರುವಾಗ ಅಣ್ಣನವರು ಹೇಳುತ್ತಿದ್ದ ಅದೇ ಬಿಗಿತವು ಅದೇ ಸ್ಥಳದಲ್ಲಿ ಹಿಡಿಯಿತು. ಹುಡುಗರಿಗೆ ತಿಳಿಯಬಾರದೆಂದು ಶಾಸನವೊಂದನ್ನು ಓದುವವನಂತೆ ಬಂಡೆಯ ಮುಂದೆ ನಿಂತುಕೊಂಡೆ; ಅಲ್ಲಿ ಶಾಸನವಿರಲಿಲ್ಲ. ಮುಂದಿನ ವಾರವೇ ಆಂಜಿಯೋಗ್ರಾಂ ಆಯಿತು. ಅಡಚಣೆಯೇನೂ ಕಾಣಲಿಲ್ಲ. “ನಾಳಗಳು ಚೊಕ್ಕಟವಾಗಿವೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಹೇಳಿ ಕಳುಹಿಸಿದರು. ಸಂತೋಷದಿಂದ ಬಂದೆ. ನೋವು ಹೋಗಲಿಲ್ಲ. ಮತ್ತೆ ಹೇಳಿಕೊಂಡರೆ ಹೆದರುಪುಕ್ಕಲನೆಂದಾರೆಂಬ ನಾಚಿಕೆಯಿಂದ ಒಂದು ವರ್ಷ ಸುಮ್ಮನಿದ್ದೆ. ಬಳಿಕ ಬೇರೊಬ್ಬ ತರುಣ ವೈದ್ಯರು ನನ್ನ ಮಾತನ್ನು ಪೂರ್ತಿಯಾಗಿ ಕೇಳಿ, “ಗುರುಗಳೇ, ತಮ್ಮ ಕಡೆ ತೋಟಗಳಿಗೆ ಹನಿ ನೀರಾವರಿ ಇದೆಯಲ್ಲವೇ? ಮುಖ್ಯ ಕೊಳವೆಯಲ್ಲಿ ನೀರು ಭರ್ತಿ ಬರುತ್ತಿದ್ದರೂ ಗಿಡದ ಬುಡದ ಸಣ್ಣ ರಂಧ್ರಗಳಲ್ಲಿ ಉಪ್ಪು ಕಟ್ಟಿದರೆ ಗಿಡ ಬಾಡುವುದಿಲ್ಲವೇ?” ಎಂದು ಕೇಳಿದರು. ನಾನು ಓದಿದ ತರ್ಕಗ್ರಂಥಗಳಲ್ಲಿ ಇಷ್ಟು ಸ್ವಚ್ಛವಾದ ದೃಷ್ಟಾಂತವನ್ನು ಕಂಡುದು ಅಪರೂಪ.

ಆಂಜಿಯೋಗ್ರಾಮಿನಲ್ಲಿ ಕಾಣುವುದು ಹೊರಮೈಯ ದೊಡ್ಡ ನಾಳಗಳು ಮಾತ್ರ. ಮಾಂಸದೊಳಕ್ಕೆ ಇಳಿದು ಕೂದಲಿಗಿಂತ ಸಣ್ಣದಾಗಿ ಕವಲೊಡೆದಿರುವ ನಾಳಗಳು ಆ ಚಿತ್ರದಲ್ಲಿ ಬರುವುದಿಲ್ಲ. ಹರಿವನ್ನು ಬೇಕಾದಂತೆ ಏರಿಸುವ ತೂಬುಗಳಾದರೋ ಇವೇ ಸಣ್ಣ ನಾಳಗಳು. ಸಕ್ಕರೆಯ ಕಾಯಿಲೆ, ರಕ್ತದ ಒತ್ತಡ, ಹೊಗೆಸೊಪ್ಪು, ಕೊಬ್ಬು ಇವುಗಳಿಂದ ಅವು ಗಡುಸಾಗಿ ಅರಳುವುದನ್ನು ಮರೆಯುತ್ತವೆ. ಸ್ತ್ರೀಯರಲ್ಲಿ ಇದು ಹೆಚ್ಚಾಗಿ ಕಂಡುಬರುವುದು. ನಮ್ಮ ಮನೆಗಳಲ್ಲಿ ಎಷ್ಟು ಮಂದಿ ತಾಯಂದಿರು ಎದೆನೋವೆಂದು ಹೇಳಿಕೊಂಡು, ಪರೀಕ್ಷೆಯಲ್ಲಿ ಏನೂ ಕಾಣದೆ, “ಇದು ಬರಿಯ ಚಿಂತೆ” ಎನ್ನಿಸಿಕೊಂಡು ಮತ್ತೆ ಒಲೆಯ ಮುಂದೆ ಕುಳಿತಿದ್ದಾರೋ ಯಾರು ಬಲ್ಲರು? ಗಂಡಸಾದ ನನಗೇ ಎರಡನೆಯ ಸಲ ಹೇಳಿಕೊಳ್ಳಲು ನಾಚಿಕೆಯಾಗಿದ್ದಿತು.

ಹರಿವನ್ನು ಅಳೆಯುವ ಉಪಾಯಗಳು ಈಗ ಇವೆ. ತೆಳುವಾದ ತಂತಿಯನ್ನು ನಾಳದೊಳಗೆ ಕಳುಹಿಸಿ, ಅಡಿನೋಸಿನ್ ಎಂಬ ಔಷಧದಿಂದ ನಾಳಗಳನ್ನು ಪೂರ್ತಿಯಾಗಿ ಅರಳಿಸಿ, ಅಡಚಣೆಯ ಹಿಂದಿನ ಒತ್ತಡಕ್ಕೂ ಮುಂದಿನ ಒತ್ತಡಕ್ಕೂ ಇರುವ ಪ್ರಮಾಣವನ್ನು ನೋಡುವುದು ಒಂದು ಬಗೆ. ಯೂರೋಪಿನ ನಿಕೋ ಪೈಲ್ಸ್ ಮತ್ತು ಬರ್ನಾರ್ಡ್ ಡಿ ಬ್ರೂಯ್ನ್ ಎಂಬ ವೈದ್ಯರು 1990ರ ದಶಕದಲ್ಲಿ ಇದನ್ನು ರೂಢಿಗೆ ತಂದರು; ಆ ಪ್ರಮಾಣವು 0.80ಕ್ಕಿಂತ ಮೇಲಿದ್ದರೆ ಅಂಥ ಅಡಚಣೆಗೆ ಸ್ಟೆಂಟ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎರಡನೆಯದು ಹರಿವಿನ ಮೀಸಲನ್ನೇ ಅಳೆಯುವುದು: ಅರಳಿಸಿದ ಮೇಲಿನ ಹರಿವು ವಿಶ್ರಾಂತಿಯ ಹರಿವಿನ ಎಷ್ಟು ಪಟ್ಟು ಎಂಬುದು. ಎರಡು ಪಟ್ಟಿಗಿಂತ ಕಡಿಮೆಯಾದರೆ ಮೀಸಲು ಕುಂದಿದೆಯೆಂದು ತಿಳಿಯುತ್ತಾರೆ. ಮೊದಲನೆಯ ಅಳತೆಯು ನಾಲೆಯ ಹೂಳನ್ನು ಹೇಳುವುದು. ಎರಡನೆಯದು ನಾಲೆಯನ್ನೂ ಕಟ್ಟಕಡೆಯ ರಂಧ್ರಗಳನ್ನೂ ಒಟ್ಟಿಗೆ ಹೇಳುವುದು. ಇವು ಎಲ್ಲ ಊರಿನ ಆಸ್ಪತ್ರೆಗಳಲ್ಲಿಯೂ ದೊರೆಯುವ ಪರೀಕ್ಷೆಗಳಲ್ಲ. ಎಲ್ಲರಿಗೂ ಬೇಕಾದುವೂ ಅಲ್ಲ.

ಆಯುಸ್ಸಿಗೂ ಇದಕ್ಕೂ ಸಂಬಂಧವೇನು? 2022ರಲ್ಲಿ, ಹಿಂದಿನ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು 60 ಸಾವಿರ ಜನರ ಲೆಕ್ಕವನ್ನು ಪರಿಶೀಲಿಸಿದ ಲೇಖನವೊಂದು ಪ್ರಕಟವಾಯಿತು. ಹರಿವಿನ ಮೀಸಲು ಕುಂದಿದವರಲ್ಲಿ ಮರಣದ ಸಂಭವವು ಬಹಳ ಹೆಚ್ಚೆಂದು ಅದರಲ್ಲಿ ಕಂಡುಬಂದಿತು. ದೊಡ್ಡ ನಾಳದಲ್ಲಿ ಅಡಚಣೆಯಿದ್ದವರಲ್ಲಿಯೂ ಹೀಗೆ, ಇಲ್ಲದವರಲ್ಲಿಯೂ ಹೀಗೆ. “ಚೊಕ್ಕಟವಾದ ನಾಳ” ಎಂಬ ಮಾತು ಪೂರ್ಣ ಅಭಯವಲ್ಲವೆಂದಾಯಿತು.

ಇದರ ಮಗ್ಗುಲಲ್ಲಿಯೇ ಇನ್ನೊಂದು ಪರೀಕ್ಷೆಯನ್ನು ಇಟ್ಟು ನೋಡಬೇಕು. ನಮ್ಮ ಭಾರತವೂ ಸೇರಿ 37 ದೇಶಗಳಲ್ಲಿ 5,179 ರೋಗಿಗಳನ್ನು ಆರಿಸಿದರು. ಇವರೆಲ್ಲರೂ ಸ್ಥಿರವಾದ ಹೃದ್ರೋಗವುಳ್ಳವರು, ಎಂದರೆ ಆಘಾತವಾಗಿ ಬಿದ್ದವರಲ್ಲ; ಅನೇಕರು ಅಣ್ಣನವರಂತೆ ನಡೆದಾಗ ನೋವು, ನಿಂತಾಗ ಸುಖ ಎಂಬ ಸ್ಥಿತಿಯವರು; ಪರೀಕ್ಷೆಯಲ್ಲಿ ರಕ್ತದ ಕೊರತೆಯು ಸಾಕಷ್ಟು ಕಂಡವರು. ಅರ್ಧದಷ್ಟು ಜನರಿಗೆ ಔಷಧದ ಜೊತೆಗೆ ಆಂಜಿಯೋಗ್ರಾಂ ಮಾಡಿ, ಸ್ಟೆಂಟನ್ನೋ ಬೈಪಾಸ್ ಶಸ್ತ್ರಚಿಕಿತ್ಸೆಯನ್ನೋ ಮಾಡುವುದು, ಉಳಿದರ್ಧಕ್ಕೆ ಔಷಧ ಮತ್ತು ಪಥ್ಯ, ಅದು ಸಾಲದಾದಾಗ ಮಾತ್ರ ಶಸ್ತ್ರ, ಹೀಗೆ ಹಂಚಿದರು. ಮೂರು ವರ್ಷಕ್ಕೂ ಮಿಕ್ಕಿ ಕಾದು ನೋಡಿ 2020ರಲ್ಲಿ ಫಲವನ್ನು ಪ್ರಕಟಿಸಿದಾಗ ಮೊದಲ ಪಂಗಡದಲ್ಲಿ 145 ಮಂದಿಯೂ ಎರಡನೆಯದರಲ್ಲಿ 144 ಮಂದಿಯೂ ತೀರಿಕೊಂಡಿದ್ದರು. ಮುಂದೆಯೂ ಅವರ ಲೆಕ್ಕವನ್ನು ಬಿಡದೆ ಇಟ್ಟರು. ಏಳು ವರ್ಷಗಳ ಮರಣದ ಅಂದಾಜು ನೂರಕ್ಕೆ 12.7 ಮತ್ತು 13.4, ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಹೃದಯದ ಕಾರಣದಿಂದಾದ ಮರಣಗಳು ಮೊದಲ ಪಂಗಡದಲ್ಲಿ ಸ್ವಲ್ಪ ಕಡಿಮೆ, ಇತರ ಕಾರಣದವು ಸ್ವಲ್ಪ ಹೆಚ್ಚು. ಒಟ್ಟಿನಲ್ಲಿ ತೂಕವು ಸಮವಾಯಿತು. ಆದರೆ ಪದೇಪದೇ ಎದೆನೋವಿನಿಂದ ನರಳುತ್ತಿದ್ದವರಿಗೆ ಮೊದಲನೆಯ ಮಾರ್ಗದಿಂದ ಹೆಚ್ಚು ಸುಖವಾಯಿತು. ಇದೂ ಸಣ್ಣ ಲಾಭವಲ್ಲ. ನೋವಿಲ್ಲದೆ ತೋಟಕ್ಕೆ ಹೋಗಿಬರುವುದೆಂದರೇನೆಂದು ಅಣ್ಣನವರನ್ನು ಕಂಡ ನಾನು ಬಲ್ಲೆ.

ಸ್ಟೆಂಟ್ ಒಂದು ಜಾಗವನ್ನು ತೆರೆಯುತ್ತದೆ. ರೋಗವು ಒಂದು ಜಾಗದ್ದಲ್ಲ. ನಾಳದ ಗೋಡೆಯಲ್ಲಿ ಕೊಬ್ಬು ಮಡುಗಟ್ಟಿ, ಆ ಗಂಟು ಒಡೆದು, ಅದರ ಮೇಲೆ ರಕ್ತವು ಹೆಪ್ಪುಗಟ್ಟಿದಾಗ ಆಘಾತವಾಗುವುದು. ಹೀಗೆ ಒಡೆಯುವ ಗಂಟು ಎಲ್ಲಕ್ಕಿಂತ ದೊಡ್ಡದೇ ಆಗಿರಬೇಕೆಂಬ ನಿಯಮವಿಲ್ಲ. ನಿನ್ನೆಯ ಚಿತ್ರದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಗಂಟು ಇಂದು ಒಡೆಯಬಹುದು. ಅದನ್ನು ಗಟ್ಟಿಮಾಡಿ ಒಡೆಯದಂತೆ ಕಾಯುವುದು ಸ್ಟಾಟಿನ್ ಜಾತಿಯ ಮಾತ್ರೆ. ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಆಸ್ಪಿರಿನ್ ಮೊದಲಾದುವು. ಒತ್ತಡವನ್ನೂ ಸಕ್ಕರೆಯನ್ನೂ ಹಿಡಿತದಲ್ಲಿಡುವುದು ಉಳಿದವು. ಇವುಗಳ ಕೆಲಸವು ಕಣ್ಣಿಗೆ ಕಾಣದು. ನುಂಗಿದ ದಿನ ಸುಖವೆನಿಸದು, ಬಿಟ್ಟ ದಿನ ದುಃಖವೂ ಆಗದು. ಅಣ್ಣನವರು ಮೋಸಹೋದುದು ಇಲ್ಲಿಯೇ. ಮುಖ್ಯ ಕಾಲುವೆಯ ಹೂಳನ್ನು ತೆಗೆಸಿ ಹೊಲಗಾಲುವೆಗಳನ್ನೆಲ್ಲ ಬಿಟ್ಟುಬಿಟ್ಟರು.

ಈ ಮಾತಿನಿಂದ ಸ್ಟೆಂಟ್ ವ್ಯರ್ಥವೆಂದು ಯಾರೂ ಭಾವಿಸಕೂಡದು. ಆ ಪರೀಕ್ಷೆಯಲ್ಲಿ ಎಡಗಡೆಯ ಮೂಲನಾಳವೇ ಕಿರಿದಾದವರನ್ನೂ, ಹೃದಯವು ತೀರ ದುರ್ಬಲವಾದವರನ್ನೂ, ಹೊಸದಾಗಿ ಆಘಾತವಾದವರನ್ನೂ ಸೇರಿಸಿರಲಿಲ್ಲ. ಅವರ ದಾರಿ ಬೇರೆ. ಕುಳಿತಿರುವಾಗಲೇ ಬಂದ ನೋವು, ನಿಂತರೂ ಬಿಡದ ನೋವು, ಬೆವರು ವಾಂತಿಗಳೊಡನೆ ತೋಳಿಗೂ ದವಡೆಗೂ ಹಬ್ಬುವ ನೋವು, ಇವು ಸ್ಥಿರರೋಗದ ಲಕ್ಷಣಗಳಲ್ಲ. ಆಗ ನನ್ನ ಉಪನ್ಯಾಸವನ್ನು ನೆನೆಯುತ್ತ ಕುಳಿತುಕೊಳ್ಳಬೇಡಿರಿ. ಒಡನೆಯೇ ಹತ್ತಿರದ ಆಸ್ಪತ್ರೆಗೆ ಹೋಗಿರಿ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು, ಹೆಪ್ಪನ್ನು ಕರಗಿಸುವ ಸೂಜಿಮದ್ದನ್ನು ಕೊಡುವುದಾಗಿದೆ.

ಭಯವೂ ಒಂದು ಉಪದ್ರವ. 2025ರ ಜೂನ್ ಜುಲೈ ತಿಂಗಳುಗಳಲ್ಲಿ ಹಾಸನದ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸಾಲುಸಾಲಾಗಿ ಮರಣಗಳಾಗುತ್ತಿವೆಯೆಂಬ ಸುದ್ದಿ ಹಬ್ಬಿದಾಗ, ಮೈಸೂರು ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನರ ಸಾಲು ಬೆಳಗಾಗುವ ಮೊದಲೇ ನಿಂತಿತು. ಸರಕಾರವು ನೇಮಿಸಿದ ತಜ್ಞರು ಪರಿಶೀಲಿಸಿ, ಮರಣಗಳಲ್ಲಿ ಅಸಾಧಾರಣವಾದ ಏರಿಕೆಯಿಲ್ಲವೆಂದು ವರದಿ ಕೊಟ್ಟರು. ಆ ಆಸ್ಪತ್ರೆಯ ಹೆಸರು ನೆರೆಯ ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳವರದೆಂಬುದನ್ನು ನಮ್ಮ ಹುಡುಗರಲ್ಲಿ ಅನೇಕರು ಅರಿಯರು. ಬಡವಿದ್ಯಾರ್ಥಿಗಳಿಗೆ ಅನ್ನ ವಸತಿಗಳನ್ನು ಕಲ್ಪಿಸಿದ ಆ ಪುಣ್ಯಪುರುಷರ ಹೆಸರು ಈಗ ನಾಡಿನವರು ಎದೆಯ ಮೇಲೆ ಕೈಯಿಟ್ಟುಕೊಂಡು ಉಚ್ಚರಿಸುವ ಹೆಸರಾಗಿದೆ.

ಭಕ್ತರು ನನ್ನನ್ನು ಕೇಳುವ ಎರಡು ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. ಹೊಳೆಮತ್ತಿಯ ತೊಗಟೆಯ ಕಷಾಯವು ಹೃದಯಕ್ಕೆ ಹಿತವೆಂದು ಗ್ರಂಥಗಳಲ್ಲಿದೆ, ಅದನ್ನು ಕುಡಿದು ಮಾತ್ರೆಯನ್ನು ಬಿಡಬಹುದೇ ಎಂದು ಕೇಳುತ್ತಾರೆ. ಗ್ರಂಥದಲ್ಲಿ ಇರುವುದು ನಿಜ. ಮಾತ್ರೆಯನ್ನು ಬಿಡಕೂಡದು, ಕಷಾಯವನ್ನು ಕುಡಿಯುವುದಾದರೂ ವೈದ್ಯರಿಗೆ ತಿಳಿಸಿಯೇ ಕುಡಿಯಬೇಕು. ತೋಟವನ್ನು ಮಾರಿಯಾದರೂ ಸ್ಟೆಂಟ್ ಹಾಕಿಸಬೇಕೇ ಎಂದು ಇನ್ನು ಕೆಲವರು ಕೇಳುತ್ತಾರೆ. ಸ್ಥಿರವಾದ ರೋಗದಲ್ಲಿ ಇಂದೇ ತೀರ್ಮಾನಿಸಬೇಕಾದ ಆತುರವು ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಬ್ಬ ವೈದ್ಯರನ್ನು ಕೇಳುವುದಕ್ಕೆ, ಔಷಧವನ್ನು ಸರಿಯಾಗಿ ಸೇವಿಸಿ ನೋಡುವುದಕ್ಕೆ ಸಮಯವುಂಟು. ಅಡಿಕೆಯ ವಿಷಯವನ್ನು ಈ ಸಭೆಯಲ್ಲಿ ನಾನು ಎತ್ತುವುದಿಲ್ಲ, ಅದರಿಂದಲೇ ನಮ್ಮಲ್ಲಿ ಅನೇಕರ ಮನೆ ನಡೆಯುತ್ತಿದೆ. ಆದರೆ ಅದರ ಜೊತೆಗೆ ಬೆರಸುವ ಕಡ್ಡಿಪುಡಿಗೆ ನನ್ನಲ್ಲಿ ದಾಕ್ಷಿಣ್ಯವಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ತರುಣ ವೈದ್ಯರು ಔಷಧವನ್ನು ಬದಲಿಸಿದರು, ನೋವು ಬಹುಮಟ್ಟಿಗೆ ತಗ್ಗಿದೆ. ಇದರಿಂದ ಆಯುಸ್ಸು ಹೆಚ್ಚುವುದೇ ಎಂದು ಕೇಳಿದೆ. ಸಣ್ಣ ನಾಳಗಳ ರೋಗದಲ್ಲಿ ನೋವು ಕಡಿಮೆಯಾಗುವುದು ಸಿದ್ಧವಾಗಿದೆ, ಆಯುಸ್ಸಿನ ಮಾತು ಇನ್ನೂ ಸಿದ್ಧವಾಗಿಲ್ಲ ಎಂದರು. ಪೂರ್ವಪಕ್ಷವನ್ನು ಮುಚ್ಚಿಡದ ಆ ಉತ್ತರದಿಂದ ಅವರ ಮೇಲೆ ನನ್ನ ನಂಬಿಕೆ ಹೆಚ್ಚಾಯಿತು. ದಿನವೂ ಬೆಳಗ್ಗೆ ಪೂಜೆಗೆ ಮೊದಲು ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆಯುತ್ತೇನೆ. ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆಯು ಸದಾ ಸೊಂಟದಲ್ಲಿರುತ್ತದೆ. ಅದನ್ನು ಇಟ್ಟುಕೊಂಡಾಗ ತಲೆ ತಿರುಗುವುದುಂಟಾದುದರಿಂದ ಮೊದಲು ಕುಳಿತುಕೊಳ್ಳಬೇಕು.

ಕಳೆದ ವರ್ಷ ಅಣ್ಣನವರ ಪುಣ್ಯತಿಥಿಗೆ ಹೋದಾಗ ಅತ್ತಿಗೆಯವರು ಅವರ ಎಲೆಯಡಿಕೆಯ ಚಂಚಿಯನ್ನು ತಂದು ನನ್ನ ಕೈಗೆ ಕೊಟ್ಟರು. ಒಳಗೆ ಒಂದು ಮಡಿಕೆಯಲ್ಲಿ ಹತ್ತು ಮಾತ್ರೆಗಳ ಒಂದು ಪಟ್ಟಿ ಹಾಗೆಯೇ ಇದ್ದಿತು. ಮೂರು ಮಾತ್ರ ಖಾಲಿಯಾಗಿದ್ದವು. ಆ ಚಂಚಿಯಲ್ಲಿ ಈಗ ನನ್ನ ಮಾತ್ರೆಗಳನ್ನು ಇಟ್ಟುಕೊಳ್ಳುತ್ತಿದ್ದೇನೆ.